ರಾತ್ರಿಯೆಲ್ಲಾ ಓಟಿಪಿ ಹೇಳುತ್ತಿದ್ದ ಗುಮಾಸ್ತರು

ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನ ಗುಮಾಸ್ತರು ಕೊಪ್ಪಳದಲ್ಲಿ ಆಪ್ತಸಮಾಲೋಚನೆ ಮಾಡುವ ನನ್ನ ಹತ್ತಿರ ಬಂದಿದ್ದರು. ವಯಸ್ಸು ಐವತ್ತು ದಾಟಿದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

"ನಿದ್ದೆ ಬರಲ್ಲ ಮೇಡಂ" ಅಂದರು. ಆಮೇಲೆ ಕೈಚೀಲದಿಂದ ಒಂದು ನೋಟ್‌ಬುಕ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಿಲ್ಲಿನ ಮೇಲ್, ಬಿಲ್ಲಿಂಗ್, ಗೋದಾಮಿನ ಸ್ಟಾಕ್, ಕ್ಯಾಮೆರಾ, ಜಿಎಸ್‌ಟಿ, ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಆನ್‌ಲೈನ್ ದಾಖಲೆ) ಎಲ್ಲದರ ಪಾಸ್‌ವರ್ಡ್ ಅದರಲ್ಲಿದ್ದವು. ಈಗ ಮಾಲೀಕರ ಮಗ ಒಂದೇ ಕಡೆಯಿಂದ ಲಾಗಿನ್ ಆಗುವ ವ್ಯವಸ್ಥೆ ತರುತ್ತಿದ್ದಾರೆ. ನೋಟ್‌ಬುಕ್ ಕೊಟ್ಟುಬಿಡಿ ಕಾಕಾ ಅಂದಿದ್ದಾರೆ. "ಇಷ್ಟು ವರ್ಷ ಇಟ್ಕೊಂಡವನು ನಾನು. ಈಗ ನಾ ಕಳ್ಳ ಆದ್ನೇನ್ರೀ?"

ಈ ನೋವಿನ ಬೇರು ಹಿಂದೆಯೇ ಇತ್ತು. 25 ಕೆಜಿ ಚೀಲದ ಅಕ್ಕಿ ಹೊತ್ತ ಲಾರಿಯೊಂದು ತಪ್ಪು ಗಾಡಿ ನಂಬರಿನ ಇ-ವೇ ಬಿಲ್‌ನೊಂದಿಗೆ ಹೊರಟು ಸಿಕ್ಕಿಬಿತ್ತು. ಐಡಿ ಇವರದ್ದು. ಆದರೆ ಅದನ್ನು ನಾಲ್ಕು ಜನ ಬಳಸುತ್ತಿದ್ದರು. ಆ ಹೊತ್ತಿಗೆ ಇವರು ಮನೆಯಲ್ಲಿದ್ದರು. ಯಾರೂ ಬೈಯಲಿಲ್ಲವಂತೆ, ಆದರೆ ಎಲ್ಲರೂ ಇವರನ್ನೇ ನೋಡಿದರಂತೆ. ಬೈದಿದ್ದರೇ ಚೆನ್ನಾಗಿತ್ತು ಅಂದರು.

ನಿದ್ದೆಯ ವಿಷಯ ಕೆದಕಿದಾಗ ಇನ್ನೊಂದು ಸಂಗತಿ ಹೊರಬಂತು. 2025ರ ಏಪ್ರಿಲ್‌ನಿಂದ ಇ-ವೇ ಬಿಲ್ ಪೋರ್ಟಲ್‌ಗೆ ಹೋಗಲು ಪಾಸ್‌ವರ್ಡ್ ಜೊತೆ ಓಟಿಪಿ ಎಲ್ಲರಿಗೂ ಕಡ್ಡಾಯ. ಓಟಿಪಿ ಬರುವುದು ಇವರ ಫೋನಿಗೆ. ಸುಗ್ಗಿಯಲ್ಲಿ ರಾತ್ರಿಯೆಲ್ಲಾ ಲೋಡಿಂಗ್. ಗೇಟಿನ ಹುಡುಗ ಎರಡು ಗಂಟೆಗೆ ಫೋನ್ ಮಾಡಿದರೂ ನಿದ್ದೆಗಣ್ಣಲ್ಲೇ ನಂಬರ್ ಓದಿ ಹೇಳುತ್ತಿದ್ದರು. ದೇಹಕ್ಕೆ ಆ ಕಾಯುವಿಕೆಯೇ ಅಭ್ಯಾಸವಾಗಿಬಿಟ್ಟಿತ್ತು.

ನಾನು ಹೇಳಿದ್ದು ಇಷ್ಟು. ಹೊಸ ಪದ್ಧತಿ ನಿಮ್ಮನ್ನು ಅನುಮಾನಿಸುವುದಕ್ಕೆ ಬಂದದ್ದಲ್ಲ. ಒಬ್ಬೊಬ್ಬರಿಗೂ ಅವರದೇ ಐಡಿ ಅನ್ನುವುದು ಮೊದಲೇ ಇದ್ದಿದ್ದರೆ ಲಾರಿ ಹೊರಟ ಆ ರಾತ್ರಿ ಯಾರು ಒಳಗಿದ್ದರು ಅಂತ ದಾಖಲೆಯೇ ಹೇಳುತ್ತಿತ್ತು. ನೀವು ಬಾಯಿಬಿಡುವ ಅಗತ್ಯವೇ ಇರುತ್ತಿರಲಿಲ್ಲ. ಅಲ್ವಾ? ಹೊಸ ಪದ್ಧತಿಯಲ್ಲಿ ಮಿಲ್ಲಿನ ಕಂಪ್ಯೂಟರ್ ಮುಂದೆ ಯಾರೋ ಕೂತಿದ್ದಾರೆ ಅಂತ ಬಾಗಿಲು ತೆರೆಯುವುದಿಲ್ಲ. ಕೂತವರು ಯಾರು, ಅವರ ಕೆಲಸಕ್ಕೆ ಏನು ಬೇಕು ಅಂತ ನೋಡಿ ಅಷ್ಟೇ ತೆರೆಯುತ್ತದೆ. ಸರ್ಕಾರಿ ಪೋರ್ಟಲ್ ಇದರೊಳಗೆ ಬರುವುದಿಲ್ಲ. ಆದರೆ ಇ-ವೇ ಬಿಲ್‌ನಲ್ಲಿ ಸಬ್-ಯೂಸರ್ ಮಾಡಬಹುದು. ಗೇಟಿನ ಹುಡುಗನಿಗೆ ಅವನದೇ ಐಡಿ, ಅವನದೇ ಮೊಬೈಲ್ ನಂಬರ್ ಕೊಡಿಸಿ. ಇದನ್ನು ನಾಳೆಯೇ ಕೇಳಿ ಅಂದೆ.

ಅವರೊಂದು ಪ್ರಶ್ನೆ ಕೇಳಿದರು. "ಎಲ್ಲಾ ಬಾಗಿಲಿಗೂ ಒಂದೇ ಕೀಲಿ ಅಂದ್ರೆ, ಅದೇ ಕೆಟ್ರೆ? ಡ್ಯಾಮಿನ 19ನೇ ಗೇಟು ಹೋಯ್ತಲ್ಲ, ಹಂಗಾದ್ರೆ?" 2024ರ ಆಗಸ್ಟ್‌ನಲ್ಲಿ ಚೈನು ತುಂಡಾಗಿ ತುಂಗಭದ್ರೆಯ ಗೇಟು ಕೊಚ್ಚಿಹೋದದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ತುಂಬಾ ಸರಿಯಾದ ಪ್ರಶ್ನೆ ಅದು. ಅಲ್ಲಿ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ನೀರು ತಡೆದರು. ಇಲ್ಲಿಯೂ ತುರ್ತಿಗೆ ಬೇರೆಯೇ ಒಂದು ಐಡಿ ಇರಬೇಕು. ಅದರ ಪಾಸ್‌ವರ್ಡ್ ಸೀಲು ಮಾಡಿದ ಕವರಿನಲ್ಲಿ ತಿಜೋರಿ ಸೇರಬೇಕು. ಅದನ್ನು ಬಳಸಿದ ಕ್ಷಣ ಮಾಲೀಕರಿಗೆ ಮೆಸೇಜ್ ಹೋಗಬೇಕು. ಉಳಿದವರ ಲಾಗಿನ್‌ಗೆ ಬರೀ ಪಾಸ್‌ವರ್ಡ್ ಸಾಲದು, ಫೋನಿನಲ್ಲಿ ಒಪ್ಪಿಗೆಯೂ ಬೇಕು. ಈ ಪ್ರಶ್ನೆಯನ್ನು ಮಾಲೀಕರ ಮಗನಿಗೇ ಕೇಳಿ ಅಂದೆ. ಅವರಿಗೆ ಕಂಪ್ಯೂಟರ್ ಗೊತ್ತು, ನಿಮಗೆ ಜನ ಗೊತ್ತು. ಯಾರಿಗೆ ಯಾವ ಬಾಗಿಲು, ಯಾರು ಕೆಲಸ ಬಿಟ್ಟರು ಅನ್ನುವ ಪಟ್ಟಿ ನಿಮ್ಮ ಕೈಯಲ್ಲೇ ಇರಲಿ.

ನೋಟ್‌ಬುಕ್ಕನ್ನು ಸುಮ್ನೆ ಕೊಡಬೇಡಿ, ತಗೊಂಡೆವು ಅಂತ ಬರೆಸಿಕೊಂಡು ಕೊಡಿ, ಅವತ್ತೇ ಎಲ್ಲಾ ಪಾಸ್‌ವರ್ಡ್ ಬದಲಾಗಲಿ ಅಂದೆ. ರಾತ್ರಿ ಫೋನ್ ಹಜಾರದಲ್ಲಿರಲಿ. ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ವೈದ್ಯರನ್ನು ಕಾಣಬೇಕು. ನಡುರಾತ್ರಿ ಮನಸ್ಸು ತಡೆಯದಿದ್ದರೆ 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ.

ಮೂರನೇ ಸಲ ಬಂದಾಗ ಕೈಯಲ್ಲಿ ಪಟ್ಟಿ ಇತ್ತು. ಯುಗಾದಿಗೆ ಕೆಲಸ ಬಿಟ್ಟ ಒಬ್ಬರ ಹೆಸರಿನಲ್ಲಿ ಸ್ಟಾಕ್ ಲಾಗಿನ್ ಇನ್ನೂ ಜೀವಂತವಾಗಿತ್ತಂತೆ. ಅದನ್ನು ಕಂಡುಹಿಡಿದು ಹೊಡೆದುಹಾಕಿಸಿದ್ದು ಇವರೇ. "ರಾತ್ರಿ ಎರಡಕ್ಕೆ ಈಗಲೂ ಎಚ್ಚರ ಆಗ್ತದ್ರಿ" ಅಂದರು. "ಆದ್ರೆ ಮತ್ತೆ ಮಲಗ್ತೀನಿ."