ವಿದೇಶಿಯರು ನಮ್ಮ ಭೂಮಿ ಕೊಳ್ಳುವುದನ್ನು ಸರ್ಕಾರ ತಡೆಯಬೇಕೇ?

ಕೃಷಿಭೂಮಿಯ ಮಟ್ಟಿಗೆ ತಡೆಯಲೇಬೇಕು. ಕೈಗಾರಿಕೆಯ ಬಂಡವಾಳಕ್ಕೆ ಅಷ್ಟು ಬಿಗಿ ಬೇಡ. ಕೆನಡಾ 2023ರಿಂದ ವಿದೇಶಿಯರ ಮನೆ ಖರೀದಿಯನ್ನೇ ಬಹುಮಟ್ಟಿಗೆ ನಿಷೇಧಿಸಿದೆ.

ಭಾರತದಲ್ಲಿ 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆಯಡಿಯ ನಿಯಮಗಳಂತೆ ಅನಿವಾಸಿ ಭಾರತೀಯರು ಸಹ ಸಾಮಾನ್ಯವಾಗಿ ಕೃಷಿಭೂಮಿಯನ್ನಾಗಲಿ ಪ್ಲಾಂಟೇಶನ್‌ಗಳನ್ನಾಗಲಿ ಕೊಳ್ಳುವಂತಿಲ್ಲ. ಹೀಗಾಗಿ ನಮ್ಮ ಕಾಸರಗೋಡಿನಿಂದ ದುಬೈಗೆ ದುಡಿಯಲು ಹೋದವರು ಕುಂಬಳೆ ಪೇಟೆಯಲ್ಲಿ ಅಂಗಡಿ ಕಟ್ಟಡ ಕೊಳ್ಳಬಹುದಾದರೂ ಬದಿಯಡ್ಕದ ಅಡಿಕೆ ತೋಟವನ್ನು ಕ್ರಯಕ್ಕೆ ಪಡೆಯುವಂತಿಲ್ಲ. ಹಿರಿಯರಿಂದ ಪಾಲಿಗೆ ಬಂದರೆ ಮಾತ್ರ ಅಡ್ಡಿಯಿಲ್ಲ. ಊರಿನ ಮಕ್ಕಳಿಗೂ ಈ ತಡೆ ಇರುವುದು ನನಗೆ ಅತಿ ಎನಿಸುತ್ತದೆ. ಆದರೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಿಂದ ಹರಿದು ಬರುವ ನೀರನ್ನು ನಂಬಿದ ತೋಟಗಳು ಕಾಣದ ದೇಶದ ಕಂಪೆನಿಗಳ ಪಾಲಾದರೆ, ಬೇಸಗೆಯಲ್ಲಿ ನೀರಿನ ತಕರಾರೆದ್ದಾಗ ಕೆಳಗಿನ ತೋಟದ ರೈತ ಯಾರನ್ನು ಕೇಳಬೇಕು?