ತೋಟದ ಮೇಲ್‌ಗೆ ‘ವಿಷಯ’ ಬರೆಯುವ ಬಗ್ಗೆ

ಹೋದ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ವಿಜ್ಞಾನಿಯೊಬ್ಬರು ಮೇಲ್‌ನಲ್ಲಿ ಕೊಟ್ಟ ಸಲಹೆ ಈಗ ಎಷ್ಟು ಹುಡುಕಿದರೂ ಸಿಗುತ್ತಿಲ್ಲ ಅಂದಿರಿ. ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ವಿಷಯದ (ಸಬ್ಜೆಕ್ಟ್) ಜಾಗದಲ್ಲಿ ‘ನಮಸ್ಕಾರ ಸರ್’, ‘ಫೋಟೋ’, ‘ಅರ್ಜೆಂಟ್’ ಅಂತಷ್ಟೇ ಇದೆ. ಉತ್ತರ ಎಲ್ಲೂ ಹೋಗಿಲ್ಲ, ಹುಡುಕೋಕೆ ಹಿಡಿ ಇಲ್ಲ ಅಷ್ಟೆ.

ಶಾಲೆಯಲ್ಲಿ ಅರ್ಜಿ ಬರೆಯುವಾಗ ‘ಮಾನ್ಯರೇ’ ಅಂದ ಮೇಲೆ ‘ವಿಷಯ’ ಅಂತ ಒಂದು ಸಾಲು ಬರೆಯುತ್ತಿದ್ದೆವಲ್ಲ, ಇದೂ ಅದೇ. ಬೆಳೆ, ಕಣ್ಣಿಗೆ ಕಂಡ ಲಕ್ಷಣ, ತಾಲ್ಲೂಕು, ತಿಂಗಳು ಇಷ್ಟಿರಲಿ.

ಲಕ್ಷಣದ ವಿಚಾರದಲ್ಲೇ ಹೆಚ್ಚಿನವರು ಎಡವೋದು. ‘ಅಡಿಕೆ ಹಳದಿ’ ಅಂದರೆ ಏನೂ ಗೊತ್ತಾಗಲ್ಲ. ಬುಡದಲ್ಲಿ ನೀರು ನಿಂತರೂ ಸೋಗೆ ಹಳದಿಯಾಗುತ್ತೆ, ಹಳದಿ ಎಲೆ ರೋಗದಲ್ಲೂ ಆಗುತ್ತೆ, ಎಲೆಚುಕ್ಕಿ ರೋಗದಲ್ಲಿ ಕಂದು ಚುಕ್ಕಿಯ ಸುತ್ತ ಹಳದಿ ಉಂಗುರ ಬರುತ್ತೆ. ಮೂರಕ್ಕೂ ಮಾಡಬೇಕಾದ ಆರೈಕೆ ಬೇರೆ. ಅದಕ್ಕೇ ರೋಗದ ಹೆಸರನ್ನು ನಾವೇ ತೀರ್ಮಾನಿಸದೆ ಕಂಡದ್ದನ್ನು ಬರೆಯಿರಿ: ‘ಅಡಿಕೆ – ಕಂದು ಚುಕ್ಕಿ, ಹಳದಿ ಉಂಗುರ – ಕೊಪ್ಪ – ಆಗಸ್ಟ್ 2025’. ಓದುವವರಿಗೂ ಮೇಲ್ ತೆರೆಯುವ ಮೊದಲೇ ಅಂದಾಜು ಸಿಗುತ್ತೆ.

ಕನ್ನಡದಲ್ಲಿ ಬರೆಯುವವರು ಒಂದು ಗಮನಿಸಬೇಕು. ಜಿಮೇಲ್ ಇಡೀ ಪದವನ್ನು ಹುಡುಕುತ್ತೆ, ಪದದ ತುಂಡನ್ನಲ್ಲ. ‘ಅಡಿಕೆಗೆ ಕೊಳೆರೋಗದ ಸಮಸ್ಯೆ’ ಅಂತ ಬರೆದಿಟ್ಟು, ಮುಂದೆ ‘ಅಡಿಕೆ ಕೊಳೆರೋಗ’ ಅಂತ ಹುಡುಕಿದರೆ ಸಿಗದೆ ಹೋಗಬಹುದು. ವಿಭಕ್ತಿ ಸೇರಿಸದೆ ಪದಗಳನ್ನು ಬಿಡಿಬಿಡಿಯಾಗಿ ಇಡಿ. ಅಡಿಕೆ, ಅಡಕೆ ಎರಡರಲ್ಲಿ ಒಂದನ್ನೇ ಹಿಡಿಯಿರಿ. ಕೊಳೆರೋಗಕ್ಕೆ ಮಹಾಳಿ ಅಂತಲೂ ಅನ್ನುತ್ತಾರೆ, ಆ ಪದವನ್ನೂ ಪಕ್ಕದಲ್ಲಿ ಸೇರಿಸಿದರೆ ಒಳ್ಳೆಯದು.

ಹಳೇ ಮೇಲ್‌ಗೆ ರಿಪ್ಲೈ ಒತ್ತಿ ಕಾಳುಮೆಣಸಿನ ಸೊರಗು ರೋಗ ಕೇಳಬೇಡಿ. ಅದು ಕೊಳೆರೋಗದ ತಲೆಬರಹದಡಿ ಹೂತುಹೋಗುತ್ತೆ. ಬೇರೆ ಬೆಳೆಗೆ ಬೇರೆ ಮೇಲ್.

ಈಗ ಆ ಹಳೆಯದನ್ನು ಹೀಗೆ ಹುಡುಕಿ: ಹುಡುಕುವ ಪೆಟ್ಟಿಗೆಯಲ್ಲಿ ವಿಜ್ಞಾನಿಯ ಮೇಲ್ ವಿಳಾಸ ಹಾಕಿ, ದಿನಾಂಕವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂತ ಕೊಡಿ. ಸಿಕ್ಕ ಕೂಡಲೇ ಸರಿಯಾದ ವಿಷಯ ಬರೆದು ನಿಮಗೇ ಫಾರ್ವರ್ಡ್ ಮಾಡಿಕೊಳ್ಳಿ. ನಾನು ಮುಖ್ಯವಾದವನ್ನೆಲ್ಲ ಹೀಗೇ ಇಟ್ಟುಕೊಂಡಿದ್ದೇನೆ, ಮರದ ಬುಡದಲ್ಲಿ ನಿಂತೇ ಫೋನಿನಲ್ಲಿ ತೆಗೆಯಬಹುದು.

ಆ ಮೇಲ್ ಸಿಗುವವರೆಗೆ ಔಷಧಿಗೆ ಕಾಯಬೇಡಿ. ನನ್ನ ‘ಅಡಿಕೆ – ಕೊಳೆರೋಗ ಮಹಾಳಿ – ಬೋರ್ಡೋ ಶೇ. 1’ ಮೇಲ್‌ನಲ್ಲಿ ಬೋರ್ಡೋ, ಅಂದರೆ ತುತ್ತ-ಸುಣ್ಣದ ದ್ರಾವಣ ಮಾಡುವ ಕ್ರಮ ಇದೆ: 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ಗೆ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಹೊಡೆಯುವ ಮೊದಲು ಹೊಳೆಯುವ ಚಾಕು ಅದ್ದಿ ನೋಡಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ.