ಭಾರತ ಸದಸ್ಯ ರಾಷ್ಟ್ರವಲ್ಲದಿದ್ದರೂ ಯುರೋಪಿಯನ್ ಎಕ್ಸ್‌ಫೆಲ್‌ನಲ್ಲಿ ನಮ್ಮವರು ಪ್ರಯೋಗ ನಡೆಸಬಹುದೇ?

ನಡೆಸಬಹುದು. ಜರ್ಮನಿಯ ಹ್ಯಾಂಬರ್ಗ್‌ನ ಈ ಎಕ್ಸ್-ಕಿರಣ ಲೇಸರ್ ಕೇಂದ್ರದಲ್ಲಿ ಭಾರತಕ್ಕೆ ಪಾಲಿಲ್ಲದಿರುವಾಗ ಇಲ್ಲಿನ ಎಂ.ಎಸ್ಸಿ. ವಿದ್ಯಾರ್ಥಿ ಅದರ ಆಸೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆಯೇ ಎಂದು ತಾವು ಕೇಳಿದ್ದೀರಿ. ಕೋಲಾರದಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಈ ಪ್ರಶ್ನೆ ತರಗತಿಯಲ್ಲೂ ಎದುರಾಗುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಅಲ್ಲಿ ಬೀಮ್ ಟೈಮ್, ಅಂದರೆ ಕಿರಣವನ್ನು ಬಳಸಿ ಪ್ರಯೋಗ ಮಾಡುವ ಅವಧಿ, ಸಿಗುವುದು ಪ್ರಸ್ತಾವದ ಗುಣಮಟ್ಟದ ಮೇಲೆ. ತಜ್ಞರ ಸಮಿತಿ ಅರ್ಜಿಗಳನ್ನು ಪರಿಶೀಲಿಸುತ್ತದೆ. ಫಲಿತಾಂಶವನ್ನು ಪ್ರಕಟಿಸುವುದಾದರೆ ಬಳಕೆಗೆ ಶುಲ್ಕವಿಲ್ಲ. ಹಾಗಾದರೆ ದೇಶಗಳು ಹಣ ಸುರಿಯುವುದೇಕೆ? ಕೇಂದ್ರವನ್ನು ನಡೆಸುವ ಲಾಭರಹಿತ ಕಂಪನಿ 2009ರಲ್ಲಿ ಸ್ಥಾಪನೆಯಾಯಿತು. ಅದರಲ್ಲಿ ಜರ್ಮನಿಯದು ಅರ್ಧಕ್ಕಿಂತ ಹೆಚ್ಚಿನ ಪಾಲು, ರಷ್ಯಾದ್ದು ಕಾಲು ಭಾಗಕ್ಕಿಂತ ಹೆಚ್ಚು. ಬ್ರಿಟನ್ ಸೇರಿದ್ದು 2018ರಲ್ಲಿ, ಅಂದರೆ ಬಳಕೆ ಆರಂಭವಾದ ಮರುವರ್ಷ. ಪಾಲುದಾರ ದೇಶಕ್ಕೆ ಆಡಳಿತ ಮಂಡಳಿಯಲ್ಲಿ ಮತವಿರುತ್ತದೆ. ಅದಕ್ಕಿಂತ ದೊಡ್ಡ ಲಾಭ, ನನ್ನ ದೃಷ್ಟಿಯಲ್ಲಿ, ಕಾರ್ಖಾನೆಗಳಿಗೆ ಆಗುವಂಥದ್ದು: ಕೊಡುಗೆಯ ಒಂದು ಭಾಗವನ್ನು ಯಂತ್ರಭಾಗಗಳ ರೂಪದಲ್ಲೇ ಸಲ್ಲಿಸಬಹುದಾದ್ದರಿಂದ, ಅತಿವಾಹಕ (ವಿದ್ಯುತ್ತನ್ನು ಪ್ರತಿರೋಧವಿಲ್ಲದೆ ಹರಿಸುವ ವಸ್ತುವಿನ) ವೇಗವರ್ಧಕದ ಘಟಕಗಳನ್ನು ಪ್ಯಾರಿಸ್ ಬಳಿಯ ಸಾಕ್ಲೇಯಲ್ಲಿ ಜೋಡಿಸಿದ ಫ್ರಾನ್ಸಿನ ತಂತ್ರಜ್ಞರಿಗೆ ಆ ವಿದ್ಯೆ ಕರಗತವಾಯಿತು. ಹೊರಗಿನವರಾಗಿ ಹೋಗುವ ನಮಗೆ ದತ್ತಾಂಶ ದಕ್ಕುತ್ತದೆ, ಆ ಕಸುಬು ದಕ್ಕುವುದಿಲ್ಲ.

ಹೊರಗಿನವರು ಬಂದು ಪ್ರಯೋಗದಲ್ಲಿ ಕೈಜೋಡಿಸುವುದು ಏನೆಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. 1965ರಲ್ಲಿ ಕೆ.ಜಿ.ಎಫ್.ನ ಗಣಿಯೊಳಗೆ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳೆಂಬ, ಬಂಡೆಯನ್ನೂ ಸುಲಭವಾಗಿ ಹಾದುಹೋಗುವ ಸೂಕ್ಷ್ಮ ಕಣಗಳನ್ನು ಪತ್ತೆಹಚ್ಚಿದ ತಂಡದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೊಂದಿಗೆ ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳೂ ಇದ್ದವು. ಆಗ ಹೊರಗಿನವರು ಬಂದದ್ದು ನಮ್ಮಲ್ಲಿಗೆ. ಏಕೆಂದರೆ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ತಡೆಯುವ ಅಷ್ಟು ದಪ್ಪದ ಬಂಡೆ ನಮ್ಮಲ್ಲಿತ್ತು.

ಎಕ್ಸ್‌ಫೆಲ್‌ನಲ್ಲಿರುವುದು 3.4 ಕಿಲೋಮೀಟರ್ ಉದ್ದದ ವ್ಯವಸ್ಥೆ. ಬಹುಪಾಲು ನೆಲದಡಿಯ ಸುರಂಗ. ಎಲೆಕ್ಟ್ರಾನ್‌ಗಳನ್ನು 17.5 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯವರೆಗೆ ವೇಗಗೊಳಿಸಿ, ಸಾಲುಗಟ್ಟಿದ ಅಯಸ್ಕಾಂತಗಳ ನಡುವೆ ಓಲಾಡಿಸಿದಾಗ ಸೆಕೆಂಡಿಗೆ 27,000 ಎಕ್ಸ್-ಕಿರಣ ಮಿಡಿತಗಳು ಹೊಮ್ಮಬಲ್ಲವು. ಪ್ರೋಟೀನಿನ ಸೂಕ್ಷ್ಮ ಹರಳುಗಳನ್ನು ದ್ರವದ ಸಣ್ಣ ಎಳೆಯಲ್ಲಿ ಹರಿಸಿ ಅದಕ್ಕೆ ಅಡ್ಡಲಾಗಿ ಈ ಮಿಡಿತಗಳನ್ನು ಹಾಯಿಸುತ್ತಾರೆ. ಏಟು ಬಿದ್ದ ಹರಳು ಛಿದ್ರವಾಗುತ್ತದೆ, ಆದರೆ ಮಿಡಿತ 100 ಫೆಮ್ಟೋಸೆಕೆಂಡಿಗಿಂತ (ಒಂದು ಫೆಮ್ಟೋಸೆಕೆಂಡ್ ಎಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಭಾಗ) ಚಿಕ್ಕದಾದ್ದರಿಂದ ಛಿದ್ರವಾಗುವ ಮೊದಲೇ ಅದರ ವಿವರ್ತನ ಚಿತ್ರ, ಅಂದರೆ ಹರಳಿನಿಂದ ಚದುರಿದ ಕಿರಣಗಳ ಚುಕ್ಕೆಚಿತ್ರ, ದಾಖಲಾಗಿರುತ್ತದೆ. ಇಂತಹ ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿದಾಗಲೇ ಅಣುವಿನ ರಚನೆ ತಿಳಿಯುವುದು.

ಹೀಗಾಗಿ ತಾವು ಮೊದಲು ಕಲಿಯಬೇಕಾದದ್ದು ಒಳ್ಳೆಯ ಹರಳು ಬೆಳೆಸುವುದನ್ನು ಮತ್ತು ವಿವರ್ತನ ದತ್ತಾಂಶವನ್ನು ಓದುವುದನ್ನು. ಸದಸ್ಯತ್ವದ ಚಿಂತೆ ಸರ್ಕಾರಕ್ಕಿರಲಿ. ಎರಡನೆಯದನ್ನು ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್‌ನಲ್ಲಿ (ಎಲೆಕ್ಟ್ರಾನ್‌ಗಳನ್ನು ಉಂಗುರದಲ್ಲಿ ಸುತ್ತಿಸಿ ಎಕ್ಸ್-ಕಿರಣ ಹೊಮ್ಮಿಸುವ ಯಂತ್ರ) ಅಭ್ಯಾಸ ಮಾಡಬಹುದು. ಹ್ಯಾಂಬರ್ಗ್‌ನಲ್ಲೇ ಇರುವ ಪೆಟ್ರಾ-3 ಸಿಂಕ್ರೊಟ್ರಾನ್ ಬಳಸಲು ಭಾರತ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿದ್ದು, ಅದರ ವ್ಯವಹಾರದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪಾತ್ರವಿದೆ. ಕೋಲಾರದಿಂದ ಬೆಳಿಗ್ಗೆ ಹೊರಟರೆ ಅಲ್ಲಿನ ಅಧ್ಯಾಪಕರೊಬ್ಬರನ್ನು ಕಂಡು ಸಂಜೆಗೆ ಊರು ಸೇರಬಹುದು. ಹೋಗುವ ಮುನ್ನ ಇಮೇಲ್ ಬರೆದು ಸಮಯ ಕೇಳಿಕೊಳ್ಳಿ.